ಊರಲ್ಲೇ ಉಳಿದವನ ಬಿಲ್ಲೆ

ಉಗಾರ ಖುರ್ದವೂ ಎರಡನೇ ಮಹಾಯುದ್ಧವೂ ಒಂದೇ ವರ್ಷ ಹುಟ್ಟಿದವು ಎಂದು ನಮ್ಮ ಕಡೆಯ ಹಿರಿಯರು ಚೇಷ್ಟೆ ಮಾಡುತ್ತಿದ್ದರು. ಊರೇನೋ ಕೃಷ್ಣೆಯ ದಂಡೆಯ ಮೇಲೆ ಯಾವ ಕಾಲದಿಂದಲೋ ಇದೆ. ಅವರ ಲೆಕ್ಕ ಸಕ್ಕರೆ ಕಾರ್ಖಾನೆಯದು. ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ, ಹಿಟ್ಲರ್ ಪೋಲೆಂಡಿಗೆ ನುಗ್ಗಿದ್ದೂ ಅದೇ ವರ್ಷ. ಎರಡರಲ್ಲಿ ಯಾವುದು ದೊಡ್ಡ ಸುದ್ದಿ ಎಂದು ಕೇಳಿದರೆ ನಮ್ಮೂರಲ್ಲಿ ಉತ್ತರಕ್ಕೆ ತಡವಾಗುತ್ತಿರಲಿಲ್ಲ. ಕಾರ್ಖಾನೆಯ ಭೋಂಗಾ ಇಂದಿಗೂ ಕೂಗುತ್ತದೆ, ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯನ್ನೇ ತಿಂದುಹಾಕುತ್ತವೆ. ಯುದ್ಧದಿಂದ ಊರಿಗೆ ದಕ್ಕಿದ್ದು ಕೆಲವು ಕರಿ ಟ್ರಂಕು, ಚುಚ್ಚುವ ಕಂಬಳಿ, ಒಂದಿಷ್ಟು ಬಿಲ್ಲೆ.

ಬೆಳಗಾವಿ ಕಡೆಯ ಊರುಗಳಲ್ಲಿ ಬಿಲ್ಲೆ ಅಪರೂಪದ ವಸ್ತುವೇನಲ್ಲ. 1922ರ ಸುಮಾರಿಗೆ ಮರಾಠಾ ದಂಡಿನ ತರಬೇತಿ ಪಡೆ ಬೆಳಗಾವಿಯಲ್ಲಿ ಬೇರೂರಿದ ಮೇಲೆ ನಮ್ಮ ಹುಡುಗರಿಗೆ ಫೌಜು ದೂರದ ಮಾತಾಗಿ ಉಳಿಯಲಿಲ್ಲ. ಮಿರಜದಿಂದ ಬರುವ ಗಾಡಿ ಶೇಡಬಾಳ ಬಿಟ್ಟರೆ ಉಗಾರ ಖುರ್ದ. ಅಲ್ಲಿಂದ ಕೃಷ್ಣೆಯ ಸೇತುವೆ ದಾಟಿ ಕುಡಚಿ, ಚಿಂಚಲಿ, ರಾಯಬಾಗ, ಘಟಪ್ರಭಾ ಎನ್ನುತ್ತ ಬೆಳಗಾವಿ ಮುಟ್ಟಿಸುತ್ತದೆ. ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಂಡು ಹತ್ತಿದರೆ ಹಸಿವಾಗುವುದರೊಳಗೆ ಭರ್ತಿ ಆಫೀಸಿನ ಮುಂದೆ ಎದೆ ಉಬ್ಬಿಸಿ ನಿಲ್ಲಬಹುದು. ದಂಡಿನ ಹೆಸರು ಮರಾಠಾ ಎಂದಿದ್ದರೂ ಮನೆಯಲ್ಲಿ ಕನ್ನಡ ಆಡುವವರೂ ಅದರಲ್ಲಿದ್ದರು. ಈ ಭಾಗದಲ್ಲಿ ಯಾರ ಮನೆಯಲ್ಲಿ ಯಾವ ಭಾಷೆ ಎಂದು ವಿಂಗಡಿಸುವುದು ಅಷ್ಟು ಸುಲಭವೂ ಅಲ್ಲ. ಬೈಗುಳ ಒಂದರಲ್ಲಿ, ದೇವರ ಪದ ಇನ್ನೊಂದರಲ್ಲಿ. ಗಡಿಯಾಚೆಯ ಶಿರೋಳ ತಾಲೂಕಿನಲ್ಲಿ ಟಾಕಳಿ ಎಂಬ ಊರಿದೆ. ಮನೆಮನೆಯಿಂದ ಜನ ಫೌಜಿಗೆ ಹೋಗಿ ಹೋಗಿ ಅದರ ಹೆಸರೇ ಸೈನಿಕ ಟಾಕಳಿ ಆಗಿದೆ.

ನಮ್ಮ ಓಣಿಯಲ್ಲೂ ಒಬ್ಬ ಮಿಲಿಟರಿ ಅಜ್ಜ ಇದ್ದ. ಮೀಸೆ, ಖಾಕಿ ಕೋಟು, ನಸುಕಿಗೇ ದಾಡಿ ಮಾಡಿಕೊಂಡು ಬೇವಿನ ಕಟ್ಟೆಗೆ ಬಂದು ಕೂಡುವ ಶಿಸ್ತು, ಎಲ್ಲ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬರ್ಮಾ ಇತ್ತು. ಬರ್ಮಾದ ಕಾಡು, ಬೂಟಿನೊಳಗೆ ನುಗ್ಗುವ ಜಿಗಣೆ, ಮರದ ಮೇಲೆ ಎಲೆಯಾಗಿ ಕುಳಿತ ಜಪಾನಿ, ಕೊಹಿಮಾದ ಗುಡ್ಡ. ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವಾಗ ಹಾದಿಯುದ್ದಕ್ಕೂ ಜಪಾನಿಗಳು ಸಾಯುತ್ತಿದ್ದರು. ಹೋಗುವಾಗ ಹನ್ನೆರಡು ಸತ್ತಿದ್ದರೆ ಬರುವಾಗ ಇಪ್ಪತ್ತು. ನಾವು ಹುಡುಗರು ಲೆಕ್ಕ ಇಡುತ್ತಿದ್ದೆವು, ತಕರಾರು ಮಾಡುತ್ತಿರಲಿಲ್ಲ.

ಮುಂದೆ ನಾನು ಮಿರಜಕ್ಕೆ ಕಾಲೇಜಿಗೆ ಹೋಗತೊಡಗಿದಾಗ ಪದಕಗಳ ಬಗ್ಗೆ ಒಂದು ಹಳೆಯ ಚಿತ್ರಪುಸ್ತಕ ಕೈಗೆ ಬಿತ್ತು. ಅದರಿಂದ ತಿಳಿದದ್ದು ಒಂದು ದೊಡ್ಡ ಸಂಗತಿ: ಬಿಲ್ಲೆಯಲ್ಲಿ ಓದಬೇಕಾದದ್ದು ಲೋಹವನ್ನಲ್ಲ, ಮೇಲಿನ ರಿಬ್ಬನ್ನನ್ನು. ರಿಬ್ಬನ್ನಿನ ಬಣ್ಣ ನೋಡಿದರೆ ಈ ಮನುಷ್ಯ ಯಾವ ರಣರಂಗದಲ್ಲಿದ್ದ, ಎಲ್ಲಿರಲಿಲ್ಲ ಎಂದು ಜಾತಕ ಓದಿದ ಹಾಗೆ ಓದಬಹುದು. ಎರಡನೇ ಯುದ್ಧದ ರಣರಂಗಗಳಿಗೆ ಬ್ರಿಟಿಷರು ಕೊಟ್ಟದ್ದು ಆರು ಮೊನೆಯ ಹಳದಿ ಲೋಹದ ತಾರೆಗಳನ್ನು. ತಾಮ್ರ ಮತ್ತು ಸತುವಿನ ಮಿಶ್ರಣ. ನಡುವೆ ಆರನೇ ಜಾರ್ಜನ ಹೆಸರಿನ ಅಕ್ಷರಗಳು ಒಂದರೊಳಗೊಂದು ಹೆಣೆದು ನಿಂತಿವೆ, ಮೇಲೊಂದು ಕಿರೀಟ. ಅಚ್ಚು ಎಲ್ಲಕ್ಕೂ ಒಂದೇ ತರಹ, ಬರೆದ ಹೆಸರು ಬೇರೆ, ಬಣ್ಣ ಬೇರೆ. ಆಫ್ರಿಕಾ ತಾರೆಯ ರಿಬ್ಬನ್ನು ಮರುಭೂಮಿಯ ಉಸುಕಿನ ಬಣ್ಣದ್ದು, ನಡುವೆ ಕೆಂಪು, ಅತ್ತಿತ್ತ ಎರಡು ಬಗೆಯ ನೀಲಿ. ಇಟಲಿ ತಾರೆಗೆ ಆ ದೇಶದ ಬಾವುಟದ್ದೇ ಕೆಂಪು, ಬಿಳಿ, ಹಸಿರು. ಬರ್ಮಾ ತಾರೆಗೆ ನಡುವೆ ಅಗಲವಾದ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯ ನಡುವೆ ಸೂರ್ಯನ ನೆನಪಿಗೆ ಕಿತ್ತಳೆ ಗೆರೆ. ಈ ಬಣ್ಣಗಳನ್ನು ಸ್ವತಃ ರಾಜನೇ ಕೂತು ಆರಿಸಿದ ಎಂಬ ಮಾತಿದೆ. ರಾಜ್ಯ ಕೈಬಿಡುವ ಹೊತ್ತಿನಲ್ಲಿ ರಿಬ್ಬನ್ನಿನ ಬಣ್ಣ ಹೊಂದಿಸುತ್ತ ಕೂಡುವುದು ರಾಜನಿಗೆ ತಕ್ಕ ಕೆಲಸವೇ ಇರಬೇಕು.

ಬೆಳಗಾವಿಯಿಂದ ಹೋದವರಿಗೆ ಈ ತಾರೆಗಳು ಬಿಟ್ಟಿ ಬರಲಿಲ್ಲ. ಮರಾಠಾ ದಂಡಿನ ಮೂರನೇ ಪಡೆ 1941ರ ಮಾರ್ಚಿನಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳನ್ನು ಹತ್ತಿತು. ಎರಡನೇ ಪಡೆ 1942ರ ಜೂನಿನಲ್ಲಿ ಟೊಬ್ರೂಕಿನಲ್ಲಿ ಸೆರೆ ಸಿಕ್ಕಿತು. ನಾಲ್ಕನೇ ಪಡೆ 1944ರಲ್ಲಿ ಮಣಿಪುರದ ಸಂಗ್‌ಶಾಕಿನಲ್ಲಿ ಜಪಾನಿಗಳ ದಾರಿಗೆ ಅಡ್ಡ ನಿಂತು ಜರ್ಜರಿತವಾಯಿತು. ಇಟಲಿಯಲ್ಲಿ ಯಶವಂತ ಘಾಡಗೆ ಮತ್ತು ನಾಮದೇವ ಜಾಧವ ವಿಕ್ಟೋರಿಯಾ ಕ್ರಾಸ್ ಪಡೆದರು. ಘಾಡಗೆಯವರದು ಸತ್ತ ಮೇಲೆ ಬಂದದ್ದು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಒಂದು ರಜೆಯಲ್ಲಿ ಅಜ್ಜನ ಮನೆಗೆ ಹೋಗಿ ಬಿಲ್ಲೆ ತೋರಿಸಿ ಎಂದೆ. ಅಜ್ಜ ಪೇಟೆಗೆ ಹೋಗಿದ್ದ. ಅಜ್ಜಿ ಟ್ರಂಕಿನ ತಳದಿಂದ ಒಂದು ತಗಡಿನ ಡಬ್ಬಿ ತೆಗೆದು ಕೊಟ್ಟಳು. ಹಳೆಯ ಬ್ಲೇಡು, ತೂತಿನ ದುಡ್ಡು, ಕರ್ಪೂರದ ವಾಸನೆಯ ನಡುವೆ ಎರಡು ದುಂಡನೆಯ ಬಿಳಿ ಬಿಲ್ಲೆ. ತಾರೆ ಇರಲಿಲ್ಲ. ಕೆಂಪು, ನೀಲಿ, ಕಿತ್ತಳೆ ಬಣ್ಣದ ಚಿಂದಿಯೂ ಇರಲಿಲ್ಲ. ಒಂದು, ಯುದ್ಧಪದಕ, ಅಂದರೆ ಯುದ್ಧಕಾಲದಲ್ಲಿ ಇಪ್ಪತ್ತೆಂಟು ದಿನ ಸಮವಸ್ತ್ರ ತೊಟ್ಟವರಿಗೆಲ್ಲ ಸಿಕ್ಕದ್ದು. ಇನ್ನೊಂದು, ಭಾರತ ಸೇವಾ ಪದಕ. ಅದರ ನಿಯಮ ನನಗೆ ಬಾಯಿಪಾಠವಾಗಿತ್ತು: ಕದನ ನಡೆಯದ ಜಾಗದಲ್ಲಿ, ಭಾರತದಲ್ಲೇ, ಮೂರು ವರ್ಷ ಸೇವೆ.

ನನ್ನ ಮುಖ ನೋಡಿ ಅಜ್ಜಿಗೆ ಗೊತ್ತಾಯಿತು. ಒಲೆಯ ಮುಂದಿನಿಂದ ಏಳದೆ ಹೇಳಿದಳು: "ದೇಹೂ ರೋಡ್ ಬಿಟ್ಟ ಎಲ್ಲೂ ಹೋಗಿಲ್ಲ ಅಂವ. ಅಲ್ಲಿ ಡಿಪೋದಾಗ ಬೂಟು, ಕಂಬಳಿ ಎಣಸಾಂವ. ಬರ್ಮಾಕ್ಕ ಹೋಗಿದ್ರ ನಾ ನಿಶ್ಚಿಂತಿ ನಿದ್ದಿ ಮಾಡ್ತಿದ್ನೇನ?"

ಹಾಗಾದರೆ ಆ ಜಿಗಣೆಗಳು? ಅವು ಬರ್ಮಾಕ್ಕೆ ಹೋಗಿ ಬಂದವರ ಬಾಯಿಂದ ಡಿಪೋದ ಕೌಂಟರಿಗೆ ಇಳಿದವು. ಹರಿದ ಬೂಟು ಕೊಟ್ಟು ಹೊಸದು ಒಯ್ಯುವವನು ಬೂಟು ಹೇಗೆ ಹರಿಯಿತು ಎಂದು ಹೇಳಿಯೇ ಹೇಳುತ್ತಾನೆ. ಅಜ್ಜ ಸಹಿ ಹಾಕಿಸಿಕೊಂಡು ಬೂಟು ಕೊಟ್ಟ, ಕತೆ ಇಟ್ಟುಕೊಂಡ. ಸ್ಟಾಕ್ ಬುಕ್ಕಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಅಷ್ಟೆ.

ಆ ಎರಡು ಬಿಲ್ಲೆಗಳನ್ನು ಅಂದು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಎರಡೂ ತಾಮ್ರ–ನಿಕ್ಕಲ್ ಮಿಶ್ರಣದವು, ಅಡ್ಡಳತೆ 36 ಮಿಲಿಮೀಟರು. ಎರಡರ ಮುಖದ ಮೇಲೂ ಕಿರೀಟ ಹೊತ್ತು ಎಡಕ್ಕೆ ನೋಡುತ್ತಿರುವ ಆರನೇ ಜಾರ್ಜ್. ಸುತ್ತ ಲ್ಯಾಟಿನ್ನಿನಲ್ಲಿ ಬಿರುದಾವಳಿ, ಕೊನೆಗೆ ಭಾರತದ ಚಕ್ರವರ್ತಿ ಎಂಬ ಮಾತು. ಈ ತಲೆಯನ್ನು ಕೆತ್ತಿದವನು ಪರ್ಸಿ ಮೆಟ್ಕಾಫ್. ಐರ್ಲೆಂಡಿನ ಸ್ವತಂತ್ರ ರಾಜ್ಯದ ಮೊದಲ ನಾಣ್ಯಗಳಿಗೆ ಹೋರಿ, ಕುದುರೆ, ಮರಿಗಳ ಜೊತೆಗಿರುವ ಕೋಳಿ, ಹಂದಿ ಎಲ್ಲ ಬಿಡಿಸಿದ ಕಲಾವಿದ ಇವನೇ. ನನ್ನನ್ನು ಕೇಳಿದರೆ ಅವನ ಕೈ ಹೋರಿಯಲ್ಲಿ ಹರಿದಷ್ಟು ಸಲೀಸಾಗಿ ರಾಜನಲ್ಲಿ ಹರಿದಿಲ್ಲ. ನಮ್ಮ ಜನಕ್ಕೆ ಆ ರಾಜನ ತಲೆ ಹೊಸದೂ ಆಗಿರಲಿಲ್ಲ. ಸಂತೆಯಲ್ಲಿ ಓಡಾಡುವ ರೂಪಾಯಿಯ ಮೇಲೂ ಮೆಟ್ಕಾಫನದೇ ತಲೆ ಇತ್ತು.

ಯುದ್ಧಪದಕದ ಬೆನ್ನಿನ ಮೇಲೆ ಒಂದು ಸಿಂಹ ನಿಂತಿದೆ. ಅದರ ಕಾಲಡಿಗೆ ಎರಡು ತಲೆಯ ಒಂದು ಪ್ರಾಣಿ. ಒಂದು ತಲೆ ಹದ್ದಿನದು, ಇನ್ನೊಂದು ಡ್ರ್ಯಾಗನ್ನಿನದು. ಪಶ್ಚಿಮದ ವೈರಿ ಮತ್ತು ಪೂರ್ವದ ವೈರಿ ಎಂದು ಅರ್ಥ. ಇದನ್ನು ರೂಪಿಸಿದವನು ಲಿವರ್‌ಪೂಲಿನ ಶಿಲ್ಪಿ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್. ಮೊದಲನೇ ಯುದ್ಧದಲ್ಲಿ ಸತ್ತವರ ಮನೆಗಳಿಗೆ ಕಳಿಸಿದ ದೊಡ್ಡ ಕಂಚಿನ ಫಲಕವೂ ಅವನದೇ. ಎಂಟುನೂರಕ್ಕೂ ಹೆಚ್ಚು ಜನ ಸ್ಪರ್ಧಿಸಿದ್ದರಲ್ಲಿ ಗೆದ್ದ ವಿನ್ಯಾಸ ಅದು. ಸತ್ತವನ ದರ್ಜೆ ಬರೆಯದೆ ಬರಿ ಹೆಸರನ್ನು ಎತ್ತಿ ಕೊರೆದದ್ದು ಅದರ ಘನತೆ. ಅಲ್ಲೂ ಸಿಂಹವಿತ್ತು, ಆ ಸಿಂಹ ಸಿಂಹದ ಹಾಗಿಲ್ಲ ಎಂದು ಬ್ರಿಸ್ಟಲ್ ಮೃಗಾಲಯದವರೇ ತಕರಾರು ತೆಗೆದಿದ್ದರಂತೆ. ಕಾಲು ಶತಮಾನದ ನಂತರ ಅದೇ ಶಿಲ್ಪಿ ಮತ್ತೆ ಸಿಂಹ ಮಾಡಿದಾಗ ಅದಕ್ಕೆ ಸಾಕಷ್ಟು ಮೈ ತುಂಬಿದ್ದಾನೆ. ಮೃಗಾಲಯದವರ ಮಾತು ಒಳಗೆಲ್ಲೋ ಕುಟುಕುತ್ತಿತ್ತು ಎಂದು ನನ್ನ ಗುಮಾನಿ.

ಆದರೆ ಈ ಚಿತ್ರವನ್ನು ಕನ್ನಡದವನ ಕೈಯಲ್ಲಿ ಕೊಟ್ಟವರು ಸ್ವಲ್ಪ ಯೋಚಿಸಬೇಕಿತ್ತು. ಎರಡು ತಲೆಯ ಪ್ರಾಣಿ ಎಂದರೆ ನಮಗೆ ಗಂಡಭೇರುಂಡ, ಮೈಸೂರಿನವರ ರಾಜಲಾಂಛನ, ಈಗ ಸರ್ಕಾರಿ ಕಾಗದದ ನೆತ್ತಿಯ ಮೇಲೆ ಕೂತಿರುವುದು. ಸಿಂಹವೆಂದರೆ ಹೊಯ್ಸಳರ ಗುಡಿಯ ಮುಂದೆ ಸಳನ ಕೈಯಲ್ಲಿ ಸಾಯುತ್ತಿರುವುದು. ಬೇಲೂರು ಹಳೇಬೀಡು ನೋಡಿ ಬಂದವನು ಈ ಪದಕ ನೋಡಿದರೆ ಎಲ್ಲ ತಿರುಗುಮುರುಗಾಗಿದೆ ಎಂದೇ ಅಂದುಕೊಳ್ಳುತ್ತಾನೆ. ಸಾಯಬೇಕಾದ್ದು ಮೇಲೆ, ಮೆರೆಯಬೇಕಾದ್ದು ಕೆಳಗೆ.

ಎರಡನೆಯ ಬಿಲ್ಲೆಯನ್ನು ತಿರುಗಿಸಿದಾಗ ಅದರ ಬೆನ್ನಿನಲ್ಲಿ ಸಿಂಹವೂ ಇಲ್ಲ, ಡ್ರ್ಯಾಗನ್ನೂ ಇಲ್ಲ. ಒಂದು ನಕಾಶೆ ಇದೆ. ಭಾರತ ಉಪಖಂಡದ ಉಬ್ಬುನಕಾಶೆ. ಮೇಲೆ ಇಂಗ್ಲಿಷಿನಲ್ಲಿ ಇಂಡಿಯಾ, ಕೆಳಗೆ 1939–45. ಅಷ್ಟೇ. ಹಿಮಾಲಯದ ಮೇಲೆ ಬೆರಳಾಡಿಸಿದರೆ ಚೂರು ಉಬ್ಬು ತಗಲುತ್ತದೆ. ಬೆರಳು ದಕ್ಷಿಣಕ್ಕೆ ಜಾರಿದ ಹಾಗೆ ಲೋಹ ನುಣ್ಣಗಾಗುತ್ತದೆ. ಅಜ್ಜನ ಬಿಲ್ಲೆಯಲ್ಲಿ ಪಶ್ಚಿಮ ಕರಾವಳಿ ಸವೆದು ಸಮುದ್ರದಲ್ಲಿ ಬೆರೆತುಹೋಗಿತ್ತು. ಮೊಮ್ಮಕ್ಕಳು ಅದನ್ನು ಕಲ್ಲಾಟಕ್ಕೆ ಬಳಸುತ್ತಿದ್ದರೆಂದು ಅಜ್ಜಿ ಹೇಳಿದಳು. ರಿಬ್ಬನ್ನು ಪೂರ್ತಿ ನೀಲಿ: ಸ್ಟಾರ್ ಆಫ್ ಇಂಡಿಯಾ ಎಂಬ ಬಿರುದಿನ ತಿಳಿನೀಲಿ, ಇಂಡಿಯನ್ ಎಂಪೈರ್ ಎಂಬ ಬಿರುದಿನ ಕಡುನೀಲಿ. ಆ ಎರಡು ಬಿರುದು ಮಹಾರಾಜರಿಗೆ, ದಿವಾನರಿಗೆ, ಗೋರಾ ಅಧಿಕಾರಿಗಳಿಗೆ ಸಲ್ಲುತ್ತಿದ್ದವು. ಅವರ ಎದೆಯ ಬಣ್ಣವನ್ನು ಕಂಬಳಿ ಎಣಿಸುವವನ ಎದೆಗೂ ಹಚ್ಚಿದರು. ಬಣ್ಣಕ್ಕೆ ದುಡ್ಡು ಹತ್ತುವುದಿಲ್ಲ, ಖರೆ, ಆದರೂ ಹಚ್ಚಿದರಲ್ಲ.

ಈ ಪದಕ ಸ್ಥಾಪನೆಯಾದದ್ದು 1946ರಲ್ಲಿ, ಯುದ್ಧ ಮುಗಿದ ಮೇಲೆ. ಯುದ್ಧದಲ್ಲಿ ಸೇರಿದ ಭಾರತೀಯರು ಇಪ್ಪತ್ತೈದು ಲಕ್ಷದ ಮೇಲೆ. ಅವರಲ್ಲಿ ಇದನ್ನು ಪಡೆದವರು ಸುಮಾರು 2,20,000. ಬ್ರಿಟನ್ನಿನಲ್ಲಿ ಮನೆ ಕಾದವರಿಗೆ, ಬಾಂಬು ಬಿದ್ದಾಗ ಬೆಂಕಿ ಆರಿಸಿದವರಿಗೆ ಡಿಫೆನ್ಸ್ ಮೆಡಲ್ ಎಂದು ಒಂದಿತ್ತು. ಅದನ್ನು ಪಡೆದವನಿಗೆ ಇದಿಲ್ಲ. ಇದು ನಮ್ಮ ಪಾಲಿಗೆ ಅದರ ತಮ್ಮ. ಸಂಗ್ರಾಹಕರು ಇದಕ್ಕೆ ಹೆಚ್ಚು ಬೆಲೆ ಕಟ್ಟುವುದಿಲ್ಲ. ಸಾಹಸದ ಕತೆ ಇಲ್ಲದ ಬಿಲ್ಲೆ ಯಾರಿಗೆ ಬೇಕು? ನನಗೆ ಮಾತ್ರ ಯುದ್ಧದ ಅಷ್ಟೂ ಬಿಲ್ಲೆಗಳಲ್ಲಿ ಇದರ ಮೇಲೆಯೇ ಪ್ರೀತಿ. ಕತ್ತಿಯಿಲ್ಲ, ಮೆಟ್ಟಿದ ವೈರಿಯಿಲ್ಲ, ರೆಕ್ಕೆ ಬಿಚ್ಚಿದ ದೇವಿಯಿಲ್ಲ. ಊರಲ್ಲೇ ಉಳಿದವನಿಗೆ ಊರಿನ ಚಿತ್ರವನ್ನೇ ಅಚ್ಚುಹಾಕಿ ಕೊಟ್ಟಿದ್ದಾರೆ. ಕೊಹಿಮಾದಲ್ಲಿ ಕಾದಾಡಿದವನ ಕಾಲಿಗೆ ಬೂಟು ಇರಬೇಕಾದರೆ ದೇಹೂ ರೋಡಿನಲ್ಲಿ ಒಬ್ಬ ಆ ಬೂಟಿನ ನಂಬರು ಬರೆದುಕೊಂಡಿರಬೇಕು. ಇದು ಜನರಲ್‌ಗಳಿಗೆ ಗೊತ್ತು, ಅಜ್ಜನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬರ್ಮಾವನ್ನು ಎರವಲು ತರುತ್ತಿರಲಿಲ್ಲ.

ಈ ನಿಕ್ಕಲ್ ಬಿಲ್ಲೆಗಳು ನಮ್ಮ ಭಾಗದಲ್ಲಿ ಇಂದಿಗೂ ಸಿಗುವುದಕ್ಕೆ ಕಾರಣ ಅಭಿಮಾನ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಕಾರಣ, ಪತ್ತಾರರಿಗೆ ಅವು ಬೇಡ. ಮೊದಲನೇ ಯುದ್ಧದ ಬಿಲ್ಲೆಗಳ ಹಣೆಬರಹ ಬೇರೆಯಾಗಿತ್ತು. 1919ರಲ್ಲಿ ಸ್ಥಾಪಿಸಿದ ಬ್ರಿಟಿಷ್ ವಾರ್ ಮೆಡಲ್ ಅಪ್ಪಟ ಬೆಳ್ಳಿಯದು, ತೂಕ ಸುಮಾರು ಎರಡೂವರೆ ತೊಲೆ. ಅಂಚಿನ ಮೇಲೆ ಸಿಪಾಯಿಯ ನಂಬರು, ಹೆಸರು, ದಂಡು ಎಲ್ಲ ಕೊರೆದಿರುತ್ತಿತ್ತು. ಮೆಸೊಪೊಟೇಮಿಯಾದಲ್ಲಿ ಕುತ್ ಮುತ್ತಿಗೆಯಲ್ಲಿ ಕುದುರೆ ಮಾಂಸ ತಿಂದು, 1916ರ ಏಪ್ರಿಲ್ 29ರಂದು ತುರ್ಕರಿಗೆ ಸೆರೆಯಾದ ಪಡೆಯಲ್ಲಿ 103, 110 ಮತ್ತು 117ನೇ ಮರಾಠಾ ದಂಡುಗಳಿದ್ದವು. ಬದುಕಿ ಬಂದವರ ಮನೆಯಲ್ಲಿ ಆ ಬೆಳ್ಳಿ ಎಷ್ಟು ದಿನ ಉಳಿದೀತು? ಮಗಳ ಮದುವೆಗೆ ಕಾಲ್ಗಡಗವಾಯಿತು, ಮೊಮ್ಮಗನ ಉಡಿದಾರವಾಯಿತು, ಬರ ಬಂದ ವರ್ಷ ಜೋಳವಾಯಿತು. 1980ರ ಸುಮಾರಿಗೆ ಜಗತ್ತಿನಲ್ಲೆಲ್ಲ ಬೆಳ್ಳಿಯ ದರ ಏರಿದಾಗ ಇಂಗ್ಲೆಂಡಿನಲ್ಲೂ ಈ ಪದಕಗಳು ರಾಶಿರಾಶಿಯಾಗಿ ಕುಲುಮೆಗೆ ಬಿದ್ದವು. ನಮ್ಮವರು ಆ ಕೆಲಸವನ್ನು ಅರವತ್ತು ವರ್ಷ ಮೊದಲೇ ಮುಗಿಸಿದ್ದರು.

ಒಂದು ಬಗೆಯ ಬಿಲ್ಲೆ ಮಾತ್ರ ಆಗಲೂ ಕುಲುಮೆಯಿಂದ ಪಾರಾಯಿತು. ಅದೇ ಮೆಡಲ್, ಅದೇ ಅಚ್ಚು, ಆದರೆ ಕಂಚಿನದು. ಸುಮಾರು 1,10,000 ಕಂಚಿನ ಬಿಲ್ಲೆಗಳನ್ನು ಮಾಡಿಸಿ ಚೀನೀ, ಮಾಲ್ಟಾ, ಭಾರತೀಯ ಕೂಲಿ ದಂಡುಗಳವರಿಗೆ ಹಂಚಿದರು. ಬಂದೂಕು ಹೊತ್ತವನಿಗೆ ಬೆಳ್ಳಿ, ಮೂಟೆ ಹೊತ್ತವನಿಗೆ ಕಂಚು. ನಮ್ಮಲ್ಲಿ ಪಂಗತಿ ಬೇರೆ ಮಾಡುವುದನ್ನು ನೋಡಿ ಮೂಗು ಮುರಿಯುತ್ತಿದ್ದ ಸಾಹೇಬರು ಯುದ್ಧದ ನೆನಪಿಗೂ ಎರಡು ಪಂಗತಿ ಹಾಕಿದರು. ಎರಡನೇ ಯುದ್ಧದ ಹೊತ್ತಿಗೆ ಈ ಭೇದ ಹೋಯಿತು. ಜ್ಞಾನೋದಯ ಆಗಿತ್ತೋ ಏನೋ ಕಾಣೆ, ಬೆಳ್ಳಿಯಂತೂ ಇರಲಿಲ್ಲ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನೇ ಅರ್ಧಕ್ಕೆ ಇಳಿಸಿದ್ದರು, ಜನ ಹಳೆಯ ರೂಪಾಯಿ ಹೂಳಿಡತೊಡಗಿದಾಗ ಕಾಗದದ ಒಂದು ರೂಪಾಯಿ ನೋಟು ಹೊರಟಿತು. 1943ರಿಂದ ಪೈಸೆಯ ನಡುವೆ ತೂತು ಬಿತ್ತು, ತಾಮ್ರ ಉಳಿಸುವುದಕ್ಕೆ. ರೂಪಾಯಿಗೇ ಬೆಳ್ಳಿ ಇಲ್ಲದ ಸರ್ಕಾರ ಬಿಲ್ಲೆಗೆ ಎಲ್ಲಿಂದ ತಂದೀತು? ಹಾಗಾಗಿ ಅಜ್ಜನ ಡಬ್ಬಿಯಲ್ಲಿ ತೂತಿನ ದುಡ್ಡೂ ನಿಕ್ಕಲ್ ಬಿಲ್ಲೆಯೂ ಒಟ್ಟಿಗಿದ್ದದ್ದು ನ್ಯಾಯವೇ. ಇಬ್ಬರೂ ಒಂದೇ ಬಡತನದಲ್ಲಿ ಹುಟ್ಟಿದವರು.

ಮೊದಲ ಯುದ್ಧದ ಆ ಬಿಲ್ಲೆಯ ಬೆನ್ನಿನ ಚಿತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಲಿಯಂ ಮೆಕ್‌ಮಿಲನ್ ಎಂಬವನು ರೂಪಿಸಿದ್ದು. ಕುದುರೆಯ ಮೇಲೆ ಸಂತ ಜಾರ್ಜ್, ಕೈಯಲ್ಲಿ ಗಿಡ್ಡ ಕತ್ತಿ, ಕುದುರೆಯ ಗೊರಸಿನಡಿ ಜರ್ಮನ್ ಹದ್ದಿನ ಗುರಾಣಿ, ಒಂದು ತಲೆಬುರುಡೆ. ಸವಾರನ ಮೈಮೇಲೆ ಬಟ್ಟೆಯೇ ಇಲ್ಲ. ಗ್ರೀಕ್ ಶಿಲ್ಪದ ಮಾದರಿ ಎಂದು ಕಲೆ ಬಲ್ಲವರು ಹೇಳುತ್ತಾರೆ. ನಮ್ಮ ಶೇಡಬಾಳ, ಉಗಾರ, ಐನಾಪುರದ ಸೀಮೆ ಜೈನರದು. ದಿಗಂಬರ ಮುನಿಗಳು ಪಿಂಛಿ ಕಮಂಡಲು ಹಿಡಿದು ವಿಹಾರ ಹೊರಟರೆ ಊರೇ ಎದುರುಗೊಳ್ಳುತ್ತದೆ. ಬತ್ತಲೆ ಎಂದು ಇಲ್ಲಿ ಯಾರೂ ಕಣ್ಣು ಮುಚ್ಚುವವರಲ್ಲ. ಆದರೆ ಇಲ್ಲಿಯ ಲೆಕ್ಕದಲ್ಲಿ ಬಟ್ಟೆ ಬಿಡುವವನು ಅದಕ್ಕೂ ಮೊದಲೇ ಕತ್ತಿ ಬಿಟ್ಟಿರುತ್ತಾನೆ, ಇರುವೆಗೂ ದಾರಿ ಬಿಟ್ಟು ನಡೆಯುತ್ತಾನೆ. ಎಲ್ಲ ಕಳಚಿ ಕತ್ತಿಯೊಂದನ್ನು ಇಟ್ಟುಕೊಂಡ ಸಂತ ನಮ್ಮ ಬಸದಿಯ ಕಟ್ಟೆಯ ಮೇಲೆ ಬಹಳ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತಿತ್ತು.

ಮತ್ತೆ ಆ ನಕಾಶೆಗೆ ಬರುತ್ತೇನೆ. ಅದರಲ್ಲಿ ಗೆರೆಗಳಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಮೂರೂವರೆ ಸೆಂಟಿಮೀಟರಿನ ಲೋಹದಲ್ಲಿ ಗೆರೆ ಎಳೆಯಲು ಜಾಗವೂ ಇರಲಿಲ್ಲ ಅನ್ನಿ. ಪದಕ ಸ್ಥಾಪನೆಯಾದ ಮರುವರ್ಷವೇ ದೇಶ ಎರಡಾಯಿತು. 1948ರ ಜೂನ್ 22ಕ್ಕೆ ಮುಖದ ಮೇಲಿನ ರಾಜ ಭಾರತದ ಚಕ್ರವರ್ತಿ ಎಂಬ ಬಿರುದನ್ನು ಕಳಚಿಟ್ಟ. ಹೀಗೆ ಮುಂಭಾಗದ ಬಿರುದು, ಹಿಂಭಾಗದ ಭೂಪಟ, ಎರಡೂ ರದ್ದಾದ ಪದಕವನ್ನು ಲಾಹೋರಿನವನೂ ಢಾಕಾದವನೂ ಉಗಾರದವನೂ ಎದೆಗೆ ಹಚ್ಚಿಕೊಂಡರು. ನಮ್ಮ ಭಾಗದ ಗೆರೆಗಳೂ ಅದರಲ್ಲಿ ಇರಲಿಲ್ಲ. ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಸಂಸ್ಥಾನಗಳ ಊರುಗಳೂ ಬ್ರಿಟಿಷ್ ಮುಂಬಯಿ ಪ್ರಾಂತದ ಊರುಗಳೂ ಇಲ್ಲಿ ಒಂದರ ತೊಡೆಯ ಮೇಲೆ ಒಂದು ಕೂತಿದ್ದವು. ಹೊಲದ ಬದು ದಾಟಿದರೆ ಬೇರೆ ರಾಜ. ಸಂಸ್ಥಾನಗಳ ಗೆರೆ ಅಳಿಸಿದ ಮೇಲೆ, 1956ರ ನವೆಂಬರ್ 1ಕ್ಕೆ ಭಾಷಾವಾರು ರಾಜ್ಯಗಳ ಬೇರೆ ಗೆರೆ ಬಿತ್ತು. ಅದು ಸರಿಯಿಲ್ಲ ಎಂದು ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು, ವಾದ ಮಾತ್ರ ಇನ್ನೂ ಮುಗಿದಿಲ್ಲ. ಬೆಳಗಾವಿ ಬಸ್ಸಿಗೆ ಕಲ್ಲು ಬಿದ್ದ ದಿನ ಮಿರಜದ ಆಸ್ಪತ್ರೆಗೆ ಹೊರಟವರು ಅರ್ಧ ದಾರಿಯಲ್ಲಿ ಇಳಿದು ನಿಲ್ಲುವುದು ನಮಗೆ ರೂಢಿ. ಅಂಥ ದಿನ ಆ ನುಣುಪು ನಕಾಶೆ ನೆನಪಾಗುತ್ತದೆ. ಹಾಗೆಂದು ಅದನ್ನು ಮಾಡಿಸಿದವರ ಕಾಲ ಬರಲಿ ಎಂದು ಬಯಸುವಷ್ಟು ನನಗೆ ತಲೆ ಕೆಟ್ಟಿಲ್ಲ.

ಗೆರೆ ಬಿದ್ದ ಮೇಲೂ ರಾಜನ ನೆರಳು ತಟ್ಟನೆ ಹೋಗಲಿಲ್ಲ. ಸ್ವಾತಂತ್ರ್ಯ ಬಂದ ನೆನಪಿಗೆ ಸೇನೆಯವರಿಗೆ ಕೊಟ್ಟ ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್ ಒಂದಿದೆ. ರಿಬ್ಬನ್ನು ಕೇಸರಿ, ಬಿಳಿ, ಹಸಿರು. ಒಂದು ಮಗ್ಗುಲಲ್ಲಿ ಅಶೋಕನ ಸಿಂಹಗಳು, 15 ಆಗಸ್ಟ್ 1947 ಎಂಬ ಬರಹ. ಇನ್ನೊಂದು ಮಗ್ಗುಲಲ್ಲಿ ಅಶೋಕ ಚಕ್ರ, ಅದರ ನೆತ್ತಿಯ ಮೇಲೆ ಬ್ರಿಟಿಷ್ ಕಿರೀಟ! ಗಣರಾಜ್ಯವಾಗುವ ತನಕ ಕಾನೂನಿನ ಪ್ರಕಾರ ಜಾರ್ಜನೇ ನಮ್ಮ ರಾಜನಾಗಿದ್ದನಲ್ಲ. ಬಿಡುಗಡೆಯ ಬಿಲ್ಲೆಗೂ ಬಿಟ್ಟುಹೋದವನ ಟೋಪಿ ಹಾಕಿದ್ದನ್ನು ನೋಡಿದರೆ ಟಂಕಸಾಲೆಯವರಿಗಿಂತ ಸಾವಧಾನದ ಇತಿಹಾಸಕಾರರು ಬೇರೆ ಇಲ್ಲ ಅನಿಸುತ್ತದೆ. ನಮ್ಮ ಅಜ್ಜನಿಗೆ ಅದು ಸಿಗಲಿಲ್ಲ. 1946ರಲ್ಲೇ ಸಾವಿರಾರು ಜನರ ಜೊತೆ ಅವನನ್ನೂ ಮನೆಗೆ ಕಳಿಸಿದ್ದರು, ಕೈಗಿಷ್ಟು ರೊಕ್ಕ ಕೊಟ್ಟು, ಪಿಂಚಣಿ ಇಲ್ಲದೆ. ಕಾರ್ಖಾನೆಯ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಕಂಬಳಿ ಎಣಿಸಿದ ಕೈ ಸಕ್ಕರೆ ಮೂಟೆ ಎಣಿಸತೊಡಗಿತು. ಸೇನೆಯಿಂದ ಕಲಿತದ್ದು ವ್ಯರ್ಥವಾಯಿತು ಎಂದು ಯಾರೂ ಹೇಳುವ ಹಾಗಿಲ್ಲ.

ಅಜ್ಜನ ಮೊಮ್ಮಗಳನ್ನು ನಿಪ್ಪಾಣಿ ಕಡೆಯ ಮನೆಗೆ ಕೊಟ್ಟರು. ಹುಡುಗನ ಅಜ್ಜ 1942ರಲ್ಲಿ ಚಲೇಜಾವ್ ಚಳವಳಿಯಲ್ಲಿ ಹಿಂಡಲಗಿ ಜೈಲು ಕಂಡವನು. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಇಂದಿರಾ ಗಾಂಧಿ ಸರ್ಕಾರ ಹೋರಾಟಗಾರರಿಗೆ ಕೊಟ್ಟ ತಾಮ್ರಪತ್ರ ಅವನ ಮನೆಯ ಗೋಡೆಯ ಮೇಲಿತ್ತು. ಹಿಂಡಲಗಿ ಜೈಲೂ ಮರಾಠಾ ದಂಡಿನ ಕೇಂದ್ರವೂ ಬೆಳಗಾವಿಯಲ್ಲೇ. ಒಂದೇ ಊರಿಗೆ, ಒಬ್ಬ ಭರ್ತಿಯಾಗಲು ಹೋದ, ಒಬ್ಬನನ್ನು ಪೊಲೀಸರು ಕರೆದೊಯ್ದರು.

ಮದುವೆಯ ದಿನ ಬೀಗರಿಬ್ಬರನ್ನೂ ಹಂದರದ ಮೂಲೆಯಲ್ಲಿ ಎರಡು ಕುರ್ಚಿ ಹಾಕಿ ಕೂಡಿಸಿದ್ದರು. ನಮ್ಮ ಅಜ್ಜ ಖಾಕಿ ಕೋಟಿಗೆ ಎರಡೂ ಬಿಲ್ಲೆ ಹಚ್ಚಿಕೊಂಡು ಬಂದಿದ್ದ. ಆ ಅಜ್ಜ ಖಾದಿ ಟೊಪಿಗೆ. ನಾನು ಎಲೆಅಡಿಕೆಯ ತಟ್ಟೆ ಹಿಡಿದು ಪಕ್ಕದಲ್ಲೇ ಸುಳಿದಾಡುತ್ತಿದ್ದೆ. ಖಾದಿಯ ಅಜ್ಜ ಬಿಲ್ಲೆಯನ್ನು ಬೆರಳಿನಿಂದ ಎತ್ತಿ ತೂಗಿ ನೋಡಿದ.

"ಬೀಗರ, ಇದು ಬೆಳ್ಳೀದಲ್ಲ."

"ನಿಮ್ಮ ಪತ್ರಾನೂ ಬಂಗಾರದ್ದಲ್ಲಲ್ಲ."

"ತಾಮ್ರ ಕರಗಿಸಿದ್ರ ಒಂದು ತಂಬಿಗಿ ಆದ್ರೂ ಆಗ್ತೈತಿ. ಇದರದು ಏನಾಗ್ತೈತಿ?"

ಅಜ್ಜ ಸೋಲುವ ಗಿರಾಕಿಯಲ್ಲ. ಕೊಹಿಮಾಕ್ಕೆ ಹೊರಟೇಬಿಟ್ಟ. ಗುಡ್ಡ, ಮಳೆ, ಜಿಗಣೆ, ಎಲ್ಲ ಬಂದವು. ಜಪಾನಿಗಳು ಎಂದಿಗಿಂತ ಹೆಚ್ಚು ಸತ್ತರು. ಖಾದಿಯ ಅಜ್ಜ ಗಂಭೀರವಾಗಿ ಕೇಳಿದ. ಕೇಳಿ ಮುಗಿದ ಮೇಲೆ, ತಾನು ಹಿಂಡಲಗಿಯ ಗೋಡೆ ಹತ್ತಿ ಹಾರಿದ ಕತೆ ತೆಗೆದ. ಗೋಡೆಯ ಎತ್ತರ ಕೇಳಿ ಅವನ ಮಗ, ಅಂದರೆ ಹುಡುಗನ ಅಪ್ಪ, ನನ್ನ ಕಡೆ ನೋಡಿ ಕಣ್ಣು ಹೊರಳಿಸಿದ. ಜೈಲಿನಲ್ಲಿ ಜೋಳದ ರೊಟ್ಟಿಯೊಳಗೆ ಉಸುಕು ಇತ್ತು ಎಂದ ಆ ಅಜ್ಜ. ಡಿಪೋದಲ್ಲಿ ಹಿಟ್ಟಿನೊಳಗೆ ನುಸಿ ಇತ್ತು ಎಂದ ನಮ್ಮ ಅಜ್ಜ, ಬರ್ಮಾದಲ್ಲಿ ಡಿಪೋ ಎಲ್ಲಿಂದ ಬಂತು ಎಂದು ಯಾರೂ ಕೇಳದಿದ್ದುದರಿಂದ ಮುಂದುವರಿಸಿದ. ಉಸುಕು ಹೆಚ್ಚೋ ನುಸಿ ಹೆಚ್ಚೋ ಎಂಬಲ್ಲಿಗೆ ಯುದ್ಧ ಬಂದು ಮುಟ್ಟಿದಾಗ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದು ಇಬ್ಬರ ಮುಂದೆಯೂ ನಿಂತಳು.

"ಎರಡನೇ ಪಂಗತಿ ಕುಂತೈತಿ. ಎದ್ದ ಬರ್ರಿ. ಹೋಳಿಗಿಯೊಳಗ ಉಸುಕೂ ಇಲ್ಲ, ನುಸೀನೂ ಇಲ್ಲ."